ಹನ್ನೆರಡು ಮನೆಗಳಲ್ಲಿ ಎಷ್ಟು ದೇಶ?

ವೀಣೆಯಲ್ಲಿ ಮೈಸೂರು ಬಾನಿ, ತಂಜಾವೂರು ಬಾನಿ ಎಂದರೆ ನಮಗೆ ಅರ್ಥವಾಗುತ್ತದೆ. ತಂತಿ ಎಳೆಯುವ, ಮೀಟುವ ರೀತಿಯಲ್ಲೇ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಆದರೆ ಪಿಯಾನೋದಲ್ಲೂ ರಷ್ಯನ್ ಬಾನಿ, ಫ್ರೆಂಚ್ ಬಾನಿ, ಪೋಲಿಷ್ ಬಾನಿ ಎನ್ನುತ್ತಾರಲ್ಲ, ಅದು ಹೇಗೆ? ವಿಜ್ಞಾನದ ಮೇಷ್ಟರಿಗೆ ಇಲ್ಲೊಂದು ತಕರಾರು ಹುಟ್ಟಲೇಬೇಕು. ಒಂದು ಸ್ಥಾಯಿಗೆ ಹನ್ನೆರಡೇ ಮನೆಗಳು. ಒಂದು ಮನೆಯಿಂದ ಮುಂದಿನದಕ್ಕೆ ಕಂಪನಸಂಖ್ಯೆ ಸುಮಾರು 1.06 ಪಟ್ಟು ಏರುತ್ತದೆ. ಮಾಸ್ಕೋದಲ್ಲೂ ಪ್ಯಾರಿಸ್ಸಿನಲ್ಲೂ ಲೆಕ್ಕ ಅದೇ. ಮನೆ ಒತ್ತಿದೊಡನೆ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆಮೇಲೆ ಸ್ವರವನ್ನು ಬಳುಕಿಸಲು ಆಸ್ಪದವೇ ಇಲ್ಲ. ಹಾಗಿದ್ದರೆ ದೇಶ ಕೂತಿರುವುದೆಲ್ಲಿ?

ಈ ಪ್ರಶ್ನೆಗೆ ನುಡಿಸಿಯೇ ಉತ್ತರ ಹುಡುಕಲು ಹೊರಟವನು ಆಂಟನ್ ರೂಬಿನ್‌ಸ್ಟೈನ್ (1829-1894). 1885-86ರಲ್ಲಿ ಆತ ಬರ್ಲಿನ್, ವಿಯೆನ್ನಾ, ಪೀಟರ್ಸ್‌ಬರ್ಗ್, ಮಾಸ್ಕೋ, ಪ್ಯಾರಿಸ್, ಲಂಡನ್ ಮುಂತಾದ ನಗರಗಳಲ್ಲಿ ಏಳೇಳು 'ಐತಿಹಾಸಿಕ ಕಚೇರಿ'ಗಳನ್ನು ನಡೆಸಿದ. ಮೊದಲ ಸಂಜೆ ಇಂಗ್ಲೆಂಡಿನ ಬರ್ಡ್, ಫ್ರಾನ್ಸಿನ ಕೂಪರಾಂ, ಇಟಲಿಯ ಸ್ಕಾರ್ಲಾಟಿ, ಜರ್ಮನಿಯ ಬಾಖ್ ಮೊದಲಾದವರು. ಎರಡನೆಯ ಸಂಜೆ ಬೀಥೋವನ್ ಒಬ್ಬನದೇ ಎಂಟು ಸೊನಾಟಾಗಳು. ನಮ್ಮಲ್ಲಿ ಒಬ್ಬರೇ ವಿದ್ವಾಂಸರು ಒಂದೇ ಕಚೇರಿಯಲ್ಲಿ ಎಂಟು ರಾಗಗಳಲ್ಲಿ ರಾಗ-ತಾನ-ಪಲ್ಲವಿ ಹಾಡಿದಂತೆ ಎಂದುಕೊಳ್ಳಿ! ಏಳನೆಯ ಕಚೇರಿ ಮುಗಿಯುತ್ತಿದ್ದುದು ರಷ್ಯನ್ ರಚನೆಗಳಿಂದ.

ಮಾಸ್ಕೋದಲ್ಲಿ ಸಂಜೆ ನುಡಿಸಿದ್ದನ್ನೇ ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳಿಗಾಗಿ ಪುಕ್ಕಟೆಯಾಗಿ ನುಡಿಸುತ್ತಿದ್ದ. ಎರಡೂ ಹೊತ್ತು ಹೋಗಿ ಕೂತು ಕೇಳಿದ ಹನ್ನೆರಡು ವರ್ಷದ ಹುಡುಗನೊಬ್ಬನ ಹೆಸರು ಸೆರ್ಗೈ ರಖ್ಮಾನಿನಾಫ್.

ಕಚೇರಿಗಳಷ್ಟೇ ಸಾಲವೆನಿಸಿರಬೇಕು. 1888-89ರಲ್ಲಿ ಪೀಟರ್ಸ್‌ಬರ್ಗ್ ಸಂಗೀತ ಶಾಲೆಯಲ್ಲಿ ಇದನ್ನೇ ವರ್ಷವಿಡೀ ಪಾಠವಾಗಿ ಬೆಳೆಸಿದ. ಪಿಯಾನೋದ ಮುಂದೆ ಕೂತು ಮಾತಾಡುವುದು, ನುಡಿಸುವುದು, ಮತ್ತೆ ಮಾತಾಡುವುದು. ನಮ್ಮ ಸಂಗೀತ ಸಭೆಗಳವರು ಸೋದಾಹರಣ ಭಾಷಣ ಎನ್ನುತ್ತಾರಲ್ಲ, ಅದೇ. ಆ ಪಾಠಗಳ ಬಗ್ಗೆ 1889ರಲ್ಲಿ ಪುಸ್ತಕ ಬರೆದವನು ಸೆಸಾರ್ ಕ್ಯೂಯಿ. ವೃತ್ತಿಯಿಂದ ಸೈನ್ಯದ ಎಂಜಿನಿಯರ್, ಕೋಟೆ ಕಟ್ಟುವ ವಿದ್ಯೆಯ ಪ್ರೊಫೆಸರ್. ಸ್ವಾರಸ್ಯವೆಂದರೆ, ಇದೇ ಕ್ಯೂಯಿ ಮೊದಲಿನಿಂದಲೂ ರೂಬಿನ್‌ಸ್ಟೈನನ ಕಟ್ಟಾ ವಿರೋಧಿಗಳ ಗುಂಪಿನವನು.

ಜಗಳ ಹಳೆಯದು. ರೂಬಿನ್‌ಸ್ಟೈನ್ ಬರ್ಲಿನ್ನಿನಲ್ಲಿ ಕಲಿತು ಬಂದವನು. 1862ರಲ್ಲಿ ಅವನು ಈ ಸಂಗೀತ ಶಾಲೆ ತೆರೆದಾಗ, ಇದು ಜರ್ಮನ್ ಸರಕು, ನಮ್ಮ ನೆಲದ್ದಲ್ಲ ಎಂದು ಬಲಾಕಿರೆವ್ ಬಳಗ ಮುನಿಯಿತು. ಅದೇ ವರ್ಷ ಬಲಾಕಿರೆವ್ ತನ್ನದೇ ಉಚಿತ ಶಾಲೆ ತೆರೆದ. ರೂಬಿನ್‌ಸ್ಟೈನ್ ಹುಟ್ಟಿದ್ದು ಯಹೂದಿ ಮನೆತನದಲ್ಲಿ. ಮಗುವಾಗಿದ್ದಾಗಲೇ ಮನೆಮಂದಿಯೆಲ್ಲ ಕ್ರೈಸ್ತರಾದರು. ರಷ್ಯನ್ನರ ಕಣ್ಣಿಗೆ ತಾನು ಜರ್ಮನ್, ಜರ್ಮನ್ನರಿಗೆ ರಷ್ಯನ್, ಯಹೂದಿಗಳಿಗೆ ಕ್ರೈಸ್ತ, ಕ್ರೈಸ್ತರಿಗೆ ಯಹೂದಿ ಎಂದು ಆತ ಬೇಸರಪಟ್ಟದ್ದುಂಟು. ಹಾಗಿದ್ದೂ ಕೊನೆಯ ಕಚೇರಿಯಲ್ಲಿ ಬಲಾಕಿರೆವ್, ಕ್ಯೂಯಿ ಇಬ್ಬರ ರಚನೆಗಳನ್ನೂ ನುಡಿಸಿದ. ನನ್ನ ಮಟ್ಟಿಗೆ ಅವನ ದೊಡ್ಡತನ ಎಂಟು ಸೊನಾಟಾಗಳಲ್ಲಿಲ್ಲ, ಇಲ್ಲಿದೆ.

ಇನ್ನು ವಿರೋಧಿಗಳು ಕಾಪಾಡಲು ಹೊರಟ ಅಚ್ಚ ರಷ್ಯನ್ ಬಾನಿಯ ಬೇರು ಕೆದಕಿ ನೋಡೋಣ. ಇಟಲಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಕ್ಲೆಮೆಂಟಿ 1802ರಲ್ಲಿ ತನ್ನ ಐರಿಷ್ ಶಿಷ್ಯ ಜಾನ್ ಫೀಲ್ಡ್‌ನನ್ನು ಪೀಟರ್ಸ್‌ಬರ್ಗ್‌ಗೆ ಕರೆತಂದ. ಫೀಲ್ಡ್ ಅಲ್ಲೇ ಉಳಿದ; 1837ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಅವನ ಶಿಷ್ಯ ಡ್ಯೂಬುಕ್. ಡ್ಯೂಬುಕನ ಬಳಿ ಪಾಠ ಹೇಳಿಸಿಕೊಂಡವರಲ್ಲಿ ಬಲಾಕಿರೆವನೂ ಒಬ್ಬ, ರಖ್ಮಾನಿನಾಫನ ಗುರು ಜ್ವೆರೆವ್ ಇನ್ನೊಬ್ಬ. ಕ್ಯೂಯಿಯ ತಂದೆಯಂತೂ ನೆಪೋಲಿಯನ್ನನ ದಂಡಿನೊಡನೆ ಬಂದು ಉಳಿದುಬಿಟ್ಟ ಫ್ರೆಂಚ್ ಸಿಪಾಯಿ!

ಹಾಗಾದರೆ ಬಾನಿ ಎಂಬುದೇ ಸುಳ್ಳೇ? ಅಲ್ಲ. ಶೋಪ್ಯಾನನ ಮಜೂರ್ಕಾ ಕೇಳಿ. ಮೂರೆಣಿಕೆಯ ಕುಣಿತ, ಆದರೆ ಒತ್ತು ಮೊದಲ ಎಣಿಕೆಯಲ್ಲಿ ನಿಲ್ಲದೆ ಎರಡಕ್ಕೋ ಮೂರಕ್ಕೋ ಜಾರುತ್ತಿರುತ್ತದೆ. ಪೋಲೆಂಡಿನ ಹಳ್ಳಿಗರ ಹೆಜ್ಜೆ ಅದು. ಬರೆದವನ ತಂದೆ ಫ್ರಾನ್ಸಿನವನು, ಅವನೇ 1831ರಿಂದ ಪ್ಯಾರಿಸ್ ವಾಸಿ, ಆದರೂ ಹೆಜ್ಜೆ ತಪ್ಪಲಿಲ್ಲ. ಬಲಾಕಿರೆವ್ ಕಾಕಸಸ್ ಬೆಟ್ಟಗಳಲ್ಲಿ ಕೇಳಿದ ಕುಣಿತದ ಮಟ್ಟನ್ನು ಹಿಡಿದು 1869ರಲ್ಲಿ 'ಇಸ್ಲಾಮೇ' ಬರೆದ. ಬೆರಳು ಮುರಿಯುವಷ್ಟು ಕಷ್ಟದ ಆ ಕೃತಿಯನ್ನು ಮೊದಲು ನುಡಿಸಿದವನು ಆಂಟನ್‌ನ ತಮ್ಮ ನಿಕೊಲಾಯ್ ರೂಬಿನ್‌ಸ್ಟೈನ್. ದೇಶ ಕೂತಿರುವುದು ಸ್ವರಸ್ಥಾನದಲ್ಲಲ್ಲ, ಲಯದಲ್ಲಿ, ಬೆರಳಿನ ಭಾರದಲ್ಲಿ, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದರಲ್ಲಿ. ಅದನ್ನು ಕಿವಿಯಿಂದ ಕಲಿಯಬಹುದು, ರಕ್ತದಲ್ಲಿ ಬರಬೇಕಿಲ್ಲ.

ಈ ಕತೆಯ ಒಂದು ಎಳೆ ನಮ್ಮ ಮೈಸೂರಿಗೂ ಬಂದಿದೆ. ಮಾಸ್ಕೋದಲ್ಲಿ ಕಲಿತ ನಿಕೊಲಾಯ್ ಮೆಟ್ನರ್ ರಖ್ಮಾನಿನಾಫನ ಗೆಳೆಯ. ಮನೆತನದ ಮೂಲ ಜರ್ಮನ್, ಬಾಳು ರಷ್ಯನ್. ಕ್ರಾಂತಿಯ ನಂತರ ದೇಶ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಆರೋಗ್ಯವಿಲ್ಲ. ಸ್ವತಃ ಪಿಯಾನೋ ಬಲ್ಲ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಸ್ಥಾಪಿಸಿದರು. ಅದರಿಂದಾಗಿ ಆತ 1951ರಲ್ಲಿ ಸಾಯುವ ಮೊದಲು ತನ್ನ ಮೂರೂ ಪಿಯಾನೋ ಕನ್ಸರ್ಟೊಗಳನ್ನು ತಾನೇ ನುಡಿಸಿ ಗ್ರಾಮಫೋನ್ ತಟ್ಟೆಗೆ ಕೊಟ್ಟ. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ.