ಕೈ ಬಿಡಿಸಿಕೊಳ್ಳಲಾಗದ ಕರೆಂಟು

ಕರೆಂಟು ಹೊಡೆದು ಸತ್ತವರ ಮೈಮೇಲೆ ಎಷ್ಟೋ ಸಲ ದೊಡ್ಡ ಸುಟ್ಟಗಾಯ ಕಾಣುವುದಿಲ್ಲ. ಹಾಗಾದರೆ ಜೀವ ಹೋದದ್ದು ಹೇಗೆ? 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದಕ್ಕೆ ಉತ್ತರ ಕಂಡುಕೊಂಡರು. ಅಲ್ಪ ಕರೆಂಟು ಹರಿದರೂ ಹೃದಯದ ಕೆಳಕೋಣೆಗಳು ರಕ್ತ ಒತ್ತುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುತ್ತವೆ. ಅದೇ ಹೃದಯಕ್ಕೆ ಇನ್ನೂ ದೊಡ್ಡ ಶಾಕ್ ಕೊಟ್ಟರೆ ಅದುರುವುದು ನಿಲ್ಲುತ್ತದೆ ಎಂಬುದನ್ನೂ ಅವರು ನೋಡಿದರು. ಇಂದಿನ ಆಸ್ಪತ್ರೆಗಳ ಡಿಫಿಬ್ರಿಲೇಟರ್ ಈ ಎರಡನೆಯ ಸಂಗತಿಯ ಮೇಲೆ ನಿಂತಿದೆ.

ಅಲ್ಪ ಎಂದರೆ ಎಷ್ಟು? ಅದನ್ನು ಅಳೆಯಲು ಪಟ್ಟು ಹಿಡಿದವರು ಅಮೆರಿಕದ ಬರ್ಕ್ಲಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜೀಲ್. ಮನುಷ್ಯರ ಹೃದಯವನ್ನು ಪರೀಕ್ಷೆಗೆ ಒಡ್ಡುವಂತಿರಲಿಲ್ಲ. ಅದಕ್ಕೆ ಪ್ರಾಣಿಗಳಿಂದ ಸಿಕ್ಕ ಅಂಕಿಗಳನ್ನೇ ಆಧರಿಸಿದರು. ಆದರೆ ಕೈಯನ್ನು ಪರೀಕ್ಷಿಸಬಹುದಿತ್ತು. 1940ರ ದಶಕದಲ್ಲಿ ಸ್ವಯಂಸೇವಕರ ಕೈಯನ್ನು ಉಪ್ಪುನೀರಿನಲ್ಲಿ ನೆನೆಸಿ, ತಾಮ್ರದ ತಂತಿ ಹಿಡಿಸಿ, ಕರೆಂಟನ್ನು ಮೆಲ್ಲಗೆ ಏರಿಸುತ್ತ ಹೋದರು. ಬೆರಳು ಮಡಚುವ ಸ್ನಾಯುಗಳಿಗೆ ಬಿಡಿಸುವ ಸ್ನಾಯುಗಳಿಗಿಂತ ಬಲ ಹೆಚ್ಚು. ಹಾಗಾಗಿ ಒಂದು ಮಟ್ಟ ದಾಟಿದ ಮೇಲೆ ಎಷ್ಟು ಕೊಸರಿದರೂ ಮುಷ್ಟಿ ಬಿಚ್ಚುವುದಿಲ್ಲ. 134 ಗಂಡಸರಲ್ಲಿ ಆ ಮಟ್ಟದ ಸರಾಸರಿ 16 ಮಿಲಿಆಂಪಿಯರ್. 28 ಹೆಂಗಸರಲ್ಲಿ 10.5. ನಲವತ್ತು ವಾಟಿನ ಹಳೆಯ ಬಲ್ಬು ನಮ್ಮ ಮನೆಯಲ್ಲಿ ಉರಿಯುವಾಗ ಎಳೆಯುವ ಕರೆಂಟಿನ ಹತ್ತನೇ ಒಂದು ಪಾಲಿಗಿಂತಲೂ ಇದು ಕಡಿಮೆ! ನನ್ನ ಮಟ್ಟಿಗೆ ವಿದ್ಯುತ್ ಸುರಕ್ಷತೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಬೆಚ್ಚಿಬೀಳಿಸುವ ಅಂಕಿ ಇನ್ನೊಂದಿಲ್ಲ.

ಇಷ್ಟು ಸಣ್ಣ ಕರೆಂಟಿಗೆ ಫ್ಯೂಸ್ ಹಾರುವುದಿಲ್ಲ. ಅದಕ್ಕೇ ಡಾಲ್ಜೀಲ್ 1961ರಲ್ಲಿ ಬೇರೆ ದಾರಿಯ ಒಂದು ಸಾಧನ ರೂಪಿಸಿದರು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ತಾಳೆ ನೋಡುತ್ತದೆ. ಸುಮಾರು 5 ಮಿಲಿಆಂಪಿಯರ್ ಕಡಿಮೆ ಬಿದ್ದರೂ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿರಬಹುದೆಂದು ಲೈನ್ ಕಡಿದುಬಿಡುತ್ತದೆ. ನಮ್ಮ ಮನೆಗಳ ಆರ್‌ಸಿಸಿಬಿ ಕೆಲಸ ಮಾಡುವುದೂ ಹೀಗೆಯೇ. ಅದರ ಮಿತಿ ಸಾಮಾನ್ಯವಾಗಿ 30 ಮಿಲಿಆಂಪಿಯರ್.

ನೋವಿಗೆಂದೋ ಸ್ನಾಯು ಬಲಕ್ಕೆಂದೋ ಮೈಗೆ ಪ್ಯಾಡು ಅಂಟಿಸಿ ಸಣ್ಣ ಕರೆಂಟು ಹಾಯಿಸುವ ಸ್ಟಿಮ್ಯುಲೇಟರನ್ನು ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯಲ್ಲ, ಭಯವೇನು ಎಂದುಕೊಳ್ಳುತ್ತಾರೆ. ಆದರೆ ಎರಡು ಪ್ಯಾಡುಗಳ ನಡುವೆ ಮೈಯೇ ತಂತಿಯ ಒಂದು ತುಂಡು. ಒಳಗಿನ ನಿರೋಧ ಕೆಟ್ಟು ಒಂದು ಪ್ಯಾಡಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್ ಬಂದರೆ, ಹೋದ ಕರೆಂಟೆಲ್ಲ ಮೈ ಹಾದು ಸರಿಯಾಗಿ ವಾಪಸು ಬರುತ್ತದೆ. ಲೆಕ್ಕ ತಾಳೆಯಾಗುತ್ತದೆ, ಆರ್‌ಸಿಸಿಬಿ ಬೀಳುವುದಿಲ್ಲ. ಒಣ ಚರ್ಮ ಒಡ್ಡುವ ತಡೆಯನ್ನು ಪ್ಯಾಡಿನ ಜೆಲ್ ಮೊದಲೇ ತಗ್ಗಿಸಿರುತ್ತದೆ. ಮೈಯ ತಡೆ ಸಾವಿರ ಓಮ್ ಎಂದಿಟ್ಟುಕೊಂಡರೂ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಅದು ಎದೆಯ ಮೂಲಕ ಹಾದರೆ ಹೃದಯದ ಲಯ ಕೆಡಲು ಅಷ್ಟು ಬೇಕಾದಷ್ಟಾಯಿತು.

ಚಿಕಿತ್ಸಾ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಇದನ್ನು ಬಲ್ಲುದು. ಮೈಗೆ ಅಂಟಿಸುವ ಇಂಥ ಪ್ಯಾಡುಗಳಿಂದ ಸಹಜ ಸ್ಥಿತಿಯಲ್ಲಿ ರೋಗಿಯ ಮೈಗೆ ಸೋರಬಹುದಾದ ಕರೆಂಟಿಗೆ ಅದು ಹಾಕಿರುವ ಮಿತಿ 0.1 ಮಿಲಿಆಂಪಿಯರ್. ಮನೆಯಲ್ಲಿ ಮಾಡಿದ ಯಂತ್ರಕ್ಕೆ ಕರೆಂಟು ಕೊಡಲು ಅಗ್ಗದ ಮೊಬೈಲ್ ಚಾರ್ಜರ್ ಬಳಸಿದರೆ ಆ ಭರವಸೆ ಸಿಗುವುದಿಲ್ಲ. ಬ್ಯಾಟರಿಯಾದರೆ ಈ ಅಪಾಯ ತಪ್ಪುತ್ತದೆ, ಎಲ್ಲ ಅಪಾಯವೂ ಅಲ್ಲ: ಟ್ರಾನ್ಸಿಸ್ಟರ್ ಕೆಟ್ಟು, ಮಿಡಿತವಾಗಿ ಬರಬೇಕಾದ ಕರೆಂಟು ಒಂದೇ ಸಮನೆ ಹರಿದರೆ ಪ್ಯಾಡಿನಡಿ ಚರ್ಮ ಸುಡುತ್ತದೆ.

ಪ್ಲಗ್ಗಿಗೆ ಸಿಕ್ಕಿಸುವ ಇಂಥ ಯಂತ್ರವನ್ನು ನೀವೋ ನಿಮ್ಮ ಮನೆಯ ಹುಡುಗರೋ ಮಾಡಿಟ್ಟಿದ್ದರೆ ದಯವಿಟ್ಟು ಇಂದೇ ಬಿಚ್ಚಿಡಿ. ನೋವಿಗೆ ಬೇಕಿದ್ದರೆ ಮಾನದಂಡಕ್ಕೆ ಅನುಗುಣವಾದ, ಬ್ಯಾಟರಿಯಿಂದ ನಡೆಯುವ ಟೆನ್ಸ್ (TENS) ಎಂಬ ಸ್ಟಿಮ್ಯುಲೇಟರ್ ಯಂತ್ರ ಕೊಳ್ಳಿ. ಪ್ಯಾಡ್ ಎಲ್ಲಿ ಅಂಟಿಸಬೇಕೆಂದು ಫಿಸಿಯೋಥೆರಪಿಸ್ಟರನ್ನು ಕೇಳಿ. ಎದೆಗೂ ಕುತ್ತಿಗೆಯ ಮುಂಭಾಗಕ್ಕೂ ಅಂಟಿಸಲೇಬೇಡಿ. ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.