ಎಳೆಬಂಡಿಯ ಕೊಂಡಿಗೆ ಎಣ್ಣೆ ಬೇಕೆ?

ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ಕೀಲೆಣ್ಣೆಯ ಗೊಟ್ಟದ ನೆನಪು ಇರದೆ ಹೋಗದು. ಗಾಡಿಯ ಅಡಿಯಲ್ಲಿ ತೂಗುಹಾಕಿದ ಬಿದಿರಿನ ಗೊಟ್ಟ. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಕಪ್ಪು ಕೀಲೆಣ್ಣೆ. ಬಳಿಯಲು ಒಂದು ಕಡ್ಡಿ. ದೂರದ ಊರಿಗೆ ಹೊರಡುವ ಮುನ್ನ ಗಾಡಿಯವನು ಕಡಾಣಿಯನ್ನು ಕಿತ್ತು, ಚಕ್ರವನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಆ ಎಣ್ಣೆಯನ್ನು ಬಳಿಯುತ್ತಿದ್ದನು. ಆದರೆ ನೊಗವನ್ನು ಮೂಕಿಗೆ ಬಿಗಿದ ಮಿಣಿಗೆ ಅವನು ಎಂದೂ ಎಣ್ಣೆ ಸವರಿದವನಲ್ಲ. ಎರಡೂ ಗಾಡಿಯ ಸಂದುಗಳೇ, ಎರಡರ ಮೇಲೂ ಬಲ ಬೀಳುತ್ತದೆ. ಆದರೂ ಒಂದಕ್ಕೆ ಎಣ್ಣೆ ಬೇಕು, ಮತ್ತೊಂದಕ್ಕೆ ಕೂಡದು. ಈ ಭೇದವನ್ನು ಅವನು ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲ; ಆದರೆ ಚೆನ್ನಾಗಿ ಬಲ್ಲವನಾಗಿದ್ದನು.

ಈಗ ಮಂಡ್ಯದ ಕಡೆಯಾಗಲಿ, ಬೆಳಗಾವಿಯ ಕಡೆಯಾಗಲಿ, ಕಬ್ಬು ಕಾರ್ಖಾನೆಗೆ ಸಾಗುವುದು ಬಹುಮಟ್ಟಿಗೆ ಟ್ರ್ಯಾಕ್ಟರು ಎಳೆಯುವ ಟ್ರೇಲರುಗಳಲ್ಲಿ. ಟ್ರ್ಯಾಕ್ಟರಿನ ಹಿಂದೆ ಕವೆಯಂತಹ ಒಂದು ಉಕ್ಕಿನ ಬಾಯಿ ಉಂಟು. ಟ್ರೇಲರಿನ ಮೂಕಿಯ ತುದಿಯಲ್ಲಿರುವ ಉಂಗುರವನ್ನು ಆ ಬಾಯಿಯೊಳಗಿಟ್ಟು, ಮೇಲಿನಿಂದ ಒಂದು ಗೂಟವನ್ನು ಇಳಿಬಿಡುತ್ತಾರೆ. ಇದೇ ಕೊಂಡಿ. ಅನೇಕ ಕಡೆ ಮೊದಲನೆಯ ಟ್ರೇಲರಿನ ಹಿಂದೆ ಇದೇ ರೀತಿಯಲ್ಲಿ ಇನ್ನೊಂದನ್ನೂ ಕಟ್ಟುವುದುಂಟು. ಹತ್ತಾರು ಟನ್ನು ಕಬ್ಬು, ಹೆಬ್ಬೆರಳಿಗಿಂತ ತುಸು ದಪ್ಪವಾದ ಒಂದೆರಡು ಗೂಟಗಳನ್ನು ನಂಬಿಕೊಂಡು ಊರೂರಿನ ನಡುವೆ ಸಾಗುತ್ತದೆ.

ಈ ಕೊಂಡಿಗೆ ಗ್ರೀಸು ಹಚ್ಚಬೇಕೆ, ಬೇಡವೆ ಎಂದು ಕೇಳಿದರೆ ಎರಡು ಬಗೆಯ ಉತ್ತರಗಳು ಬರುತ್ತವೆ. ಕೆಲವರು, "ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವಲ್ಲಿ ಗ್ರೀಸು ಇರಲೇಬೇಕು" ಎನ್ನುವರು. ಮತ್ತೆ ಕೆಲವರು, "ಗ್ರೀಸು ಹಚ್ಚಿದರೆ ಕೊಂಡಿ ಜಾರಿ ಕಳಚಿಕೊಂಡೀತು, ಮೇಲಾಗಿ ಧೂಳು ಹಿಡಿದು ಇನ್ನಷ್ಟು ಸವೆದೀತು" ಎನ್ನುವರು. ಈ ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವಿದೆ. ಎಷ್ಟು ಸತ್ಯವೆಂಬುದನ್ನು ತೂಗಿ ನೋಡೋಣ.

ಘರ್ಷಣೆಯ ವಿಚಾರದಲ್ಲಿ ಮೊದಲು ನಿಯಮಗಳನ್ನು ಹೇಳಿದವರಲ್ಲಿ ಫ್ರಾನ್ಸಿನ ಅಮೊಂಟನ್ ಪ್ರಮುಖನು. ಘರ್ಷಣೆಯ ಬಲವು ಮೇಲಿನ ಭಾರಕ್ಕೆ ಅನುಗುಣವಾಗಿರುವುದೆಂದು ಅವನು 1699ರಲ್ಲಿ ತಿಳಿಸಿದನು. ಮುಂದೆ 1785ರಲ್ಲಿ ಕೂಲಂಬನು ಇದನ್ನು ವಿಸ್ತಾರವಾದ ಪ್ರಯೋಗಗಳಿಂದ ದೃಢಪಡಿಸಿದನು. ಇದರ ಒಳಮರ್ಮ ತಿಳಿದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ಕೇಂಬ್ರಿಡ್ಜಿನ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಎಷ್ಟೇ ನಯವಾಗಿ ಕಂಡರೂ ಲೋಹದ ಮೈಯಲ್ಲಿ ಸೂಕ್ಷ್ಮವಾದ ಬೆಟ್ಟಕಣಿವೆಗಳಿರುತ್ತವೆ. ಎರಡು ಲೋಹಗಳನ್ನು ಒತ್ತಿದಾಗ ನಿಜವಾಗಿ ಮುಟ್ಟುವುದು ಆ ಬೆಟ್ಟಗಳ ತುದಿಗಳು ಮಾತ್ರ. ಆ ತುದಿಗಳಲ್ಲಿ ಒತ್ತಡವು ಅಗಾಧವಾಗಿ, ಲೋಹವು ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಜಾರುವಾಗ ಈ ಬೆಸುಗೆಗಳು ಹರಿಯಬೇಕು. ಅದಕ್ಕೆ ಬೇಕಾದ ಬಲವೇ ಘರ್ಷಣೆ; ಹರಿಯುವಾಗ ಕಿತ್ತುಬಂದ ಚೂರುಗಳೇ ಸವೆತ. ಒಣ ಉಕ್ಕಿನ ಮೇಲೆ ಉಕ್ಕನ್ನು ಜಾರಿಸಲು ಭಾರದ ಅರ್ಧಕ್ಕಿಂತ ಹೆಚ್ಚು ಬಲ ಬೇಕಾಗುವುದುಂಟು. ನಡುವೆ ಗ್ರೀಸು ಇದ್ದರೆ ಭಾರದ ಎಂಟನೆಯ ಅಥವಾ ಹತ್ತನೆಯ ಒಂದು ಪಾಲು ಸಾಕು.

ಇಷ್ಟನ್ನು ಕೇಳಿದವರು, "ಹಾಗಾದರೆ ಕೊಂಡಿಗೆ ಗ್ರೀಸು ಹಚ್ಚಿದರೆ ಎಳೆಯುವ ಶ್ರಮ ಕಡಮೆಯಾಗಿ ಡೀಸೆಲ್ ಉಳಿಯುವುದಲ್ಲವೆ?" ಎಂದು ಕೇಳಬಹುದು. ಹಾಗಿಲ್ಲ. ಲೆಕ್ಕ ಹಾಕಿ ನೋಡೋಣ. ಎತ್ತಿನ ಗಾಡಿಯ ಚಕ್ರದ ವ್ಯಾಸ 1.5 ಮೀಟರು, ಅಚ್ಚಿನ ದಪ್ಪ 4 ಸೆಂಟಿಮೀಟರು ಎಂದಿಟ್ಟುಕೊಂಡರೆ, 10 ಕಿಲೋಮೀಟರು ದಾರಿಯಲ್ಲಿ ಚಕ್ರವು ಸುಮಾರು 2,100 ಸುತ್ತು ಸುತ್ತುತ್ತದೆ. ಅಚ್ಚಿನ ಮೇಲೆ ಸುಮಾರು 260 ಮೀಟರಿನಷ್ಟು ಜಾರುತ್ತದೆ. ಟ್ರೇಲರಿನ ಕೊಂಡಿಯಾದರೋ ಸುತ್ತುವುದಿಲ್ಲ. ಕುಲುಕಿದಾಗಲೊಮ್ಮೆ ತಲೆದೂಗುತ್ತದೆ, ಅಷ್ಟೆ. ಗೂಟದ ದಪ್ಪ 3 ಸೆಂಟಿಮೀಟರು. ಅದೇ ದಾರಿಯಲ್ಲಿ 2,000 ಸಲ ಮೂರು ಮೂರು ಡಿಗ್ರಿ ಅತ್ತಿತ್ತ ಹೊರಳಿತೆಂದರೂ ಒಟ್ಟು ಜಾರಿದ ದೂರ ಮೂರು ಮೀಟರನ್ನು ಸ್ವಲ್ಪ ಮೀರುತ್ತದೆ. 10 ಟನ್ನಿನ ಟ್ರೇಲರನ್ನು ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಎಳೆಯಲು ಸುಮಾರು 200 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಆ ಬಲ ಹತ್ತು ಕಿಲೋಮೀಟರು ಉದ್ದಕ್ಕೂ ಮಾಡುವ ಕೆಲಸದಲ್ಲಿ, ಒಣ ಕೊಂಡಿಯ ಘರ್ಷಣೆಗೆ ವ್ಯಯವಾಗುವುದು ಐದು ಸಾವಿರದಲ್ಲಿ ಒಂದು ಪಾಲು ಮಾತ್ರ. ಆದಕಾರಣ ಡೀಸೆಲ್ ಉಳಿಸಲು ಗ್ರೀಸು ಎಂಬ ಮಾತನ್ನು ಬಿಟ್ಟುಬಿಡಬೇಕು.

ಹಾಗಿದ್ದರೆ ಗ್ರೀಸು ಏತಕ್ಕೆ? ಸವೆತವನ್ನು ತಡೆಯುವುದಕ್ಕೆ. ಅಚ್ಚು ಸುತ್ತುತ್ತಿರುವಾಗ ಎಣ್ಣೆಯನ್ನು ತನ್ನೊಡನೆ ಒಳಕ್ಕೆ ಸೆಳೆದುಕೊಂಡು, ಅದರ ಪದರದ ಮೇಲೆಯೇ ತೇಲಬಲ್ಲದು. ಇದನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ವಿವರಿಸಿದನು. ಕೊಂಡಿಗೆ ಆ ಭಾಗ್ಯವಿಲ್ಲ. ಸುತ್ತದೆ ಬರಿದೆ ಅಲುಗುವ ಸಂದಿನಲ್ಲಿ ತೆಳು ಎಣ್ಣೆ ಹಿಂಡಿಹೋಗುತ್ತದೆ. ಉಂಗುರವು ಗೂಟವನ್ನು ಮುಟ್ಟುವುದು ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ. ಏರುದಾರಿಯಲ್ಲಿ ಆ ಜಾಗದ ಮೇಲೆ 700 ಕಿಲೋಗ್ರಾಂ ಭಾರ ಬೀಳಬಹುದು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ತಿಕ್ಕಿ ಎದ್ದ ಉಕ್ಕಿನ ಪುಡಿ ಗಾಳಿಯೊಡನೆ ಕೂಡಿ ತುಕ್ಕಾಗುತ್ತದೆ. ಒಣ ಕೊಂಡಿಯ ಸುತ್ತ ಕಾಣುವ ಕೆಂಗಂದು ಪುಡಿ ಇದೇ. ಅದು ಉಕ್ಕನ್ನು ಉಜ್ಜುವ ಮರಳಾಗಿ ಸವೆತವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಆದುದರಿಂದಲೇ ಇಂತಹ ಸಂದಿಗೆ ತೆಳು ಎಣ್ಣೆಗಿಂತ ಅಂಟಿಕೊಂಡಿರುವ ಗಟ್ಟಿ ಗ್ರೀಸು, ಅದರಲ್ಲಿಯೂ ಗ್ರಾಫೈಟು ಅಥವಾ ಮಾಲಿಬ್ಡಿನಂ ಡೈಸಲ್ಫೈಡು ಬೆರೆತದ್ದು, ಹೆಚ್ಚು ಯೋಗ್ಯ. ಇವೆರಡೂ ಪದರ ಪದರವಾಗಿ ಜಾರುವ ವಸ್ತುಗಳು. ಎಣ್ಣೆ ಹಿಂಡಿಹೋದರೂ ಇವು ಉಳಿಯುತ್ತವೆ. ಗ್ರೀಸು ಮಳೆನೀರನ್ನೂ ದೂರವಿಡುತ್ತದೆ.

ಸವೆತದಿಂದ ಏನು ಕೆಡುಕು? ಗೂಟ ಸಣ್ಣದಾಗುತ್ತದೆ, ಉಂಗುರ ದೊಡ್ಡದಾಗುತ್ತದೆ, ನಡುವೆ ಸಡಿಲ ಹುಟ್ಟುತ್ತದೆ. ಹಲವು ಟ್ರೇಲರುಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ. ಟ್ರ್ಯಾಕ್ಟರು ನಿಧಾನಿಸಿದಾಗ ಟ್ರೇಲರು ಆ ಸಡಿಲದಷ್ಟು ಮುಂದೆ ಬಂದು ಗುದ್ದುತ್ತದೆ. ವೇಗ ಹೆಚ್ಚಿದಾಗ ಹಿಂದುಳಿದು ಜಗ್ಗುತ್ತದೆ. ಟ್ರ್ಯಾಕ್ಟರು ಎರಡೂವರೆ ಟನ್ನು, ಟ್ರೇಲರು ಹತ್ತು ಟನ್ನು. ಇವುಗಳ ವೇಗದಲ್ಲಿ ಸೆಕೆಂಡಿಗೆ 20 ಸೆಂಟಿಮೀಟರು ಮಾತ್ರ ವ್ಯತ್ಯಾಸವಿದ್ದು, ಅದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅಳಿಯಿತೆಂದು ಊಹಿಸಿದರೆ, ಗೂಟದ ಮೇಲೆ ಬೀಳುವ ಪೆಟ್ಟು ಸುಮಾರು 4 ಟನ್ನು ಭಾರಕ್ಕೆ ಸಮ. ಏರಿನಲ್ಲಿ ನಿಧಾನವಾಗಿ ಎಳೆಯುವ ಬಲಕ್ಕಿಂತ ಇದು ಐದಾರು ಪಾಲು ಹೆಚ್ಚು. ಉಕ್ಕು ಒಂದು ದೊಡ್ಡ ಎಳೆತವನ್ನು ತಾಳಬಲ್ಲದು. ದಿನಕ್ಕೆ ನೂರಾರು ಪೆಟ್ಟುಗಳು ಬಿದ್ದರೆ ದಣಿದು ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಬಿರುಕು ಬೆಳೆದು ಮೂಕಿ ಕಳಚಿದ ದಿನ, ಹಿಂದೆ ಬರುತ್ತಿರುವ ಸೈಕಲ್ಲಿನವನ ಗತಿ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಇನ್ನು, ಗ್ರೀಸು ಹಚ್ಚಿದರೆ ಕೊಂಡಿ ಜಾರಿ ಕಳಚೀತೆಂಬ ಭಯ. ಗೂಟವನ್ನು ಉಂಗುರದಲ್ಲಿ ಹಿಡಿದಿಟ್ಟಿರುವುದು ಘರ್ಷಣೆಯಲ್ಲ, ಅದರ ಆಕಾರ. ಎಳೆತ ಅಡ್ಡಲಾಗಿ, ಗೂಟ ನೆಟ್ಟಗೆ. ಅದು ಮೇಲಕ್ಕೆ ಕುಪ್ಪಳಿಸದಂತೆ ತಡೆಯುವುದು ಅದರ ಕೆಳತುದಿಯಲ್ಲಿ ಸಿಕ್ಕಿಸುವ ಚಿಕ್ಕ ತಂತಿಕೀಲು. ಆ ಕೀಲು ಇಲ್ಲದಿದ್ದರೆ ಒಣ ಗೂಟವೂ ಕುಲುಕಿ ಕುಲುಕಿ ಮೇಲೇಳುತ್ತದೆ. ಇದ್ದರೆ ಗ್ರೀಸು ಬಳಿದ ಗೂಟವೂ ಕದಲದು. ಕೀಲು ಕಳೆದುಹೋದಾಗ ತಂತಿಯ ತುಂಡನ್ನೋ ಕಬ್ಬಿನ ಗರಿಯನ್ನೋ ಸುತ್ತಿ ಹೊರಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಆದರೆ ಎಲ್ಲ ಕೊಂಡಿಗಳಿಗೂ ಇದೇ ನ್ಯಾಯವೆಂದು ತಿಳಿಯಬಾರದು. ಯೂರೋಪು ಅಮೆರಿಕಗಳಲ್ಲಿ ಜನರು ಕಾರಿನ ಹಿಂದೆ ಪ್ರವಾಸದ ಮನೆಬಂಡಿಗಳನ್ನು ಎಳೆದೊಯ್ಯುವರು. ಅಲ್ಲಿ ಕಾರಿನ ಹಿಂದಿರುವ ಒಂದು ಉಕ್ಕಿನ ಗುಂಡನ್ನು ಬಂಡಿಯ ಬಟ್ಟಲು ಕವಿದು ಹಿಡಿಯುತ್ತದೆ. ಯೂರೋಪಿನಲ್ಲಿ ಗುಂಡಿನ ವ್ಯಾಸ 50 ಮಿಲಿಮೀಟರು. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವುದು 2 ಅಂಗುಲದ್ದು. ಸಾಧಾರಣ ಬಟ್ಟಲಾದರೆ ತೆಳುವಾಗಿ ಗ್ರೀಸು ಸವರುವುದು ಸರಿಯೇ. ಆದರೆ ವೇಗವಾಗಿ ಹೋಗುವಾಗ ಇಂತಹ ಬಂಡಿಗಳು ಹಾವಿನ ಬಾಲದಂತೆ ಅತ್ತಿತ್ತ ತೊನೆಯತೊಡಗಿ ಕಾರನ್ನೂ ಉರುಳಿಸಬಲ್ಲವು. ಇದನ್ನು ತಡೆಯಲು ಕೆಲವು ಬಟ್ಟಲುಗಳೊಳಗೆ ಬ್ರೇಕಿನ ಬಿಲ್ಲೆಗಳಂತಹ ಒತ್ತುಗಳನ್ನು ಅಳವಡಿಸಿರುತ್ತಾರೆ. ಅವು ಗುಂಡನ್ನು ಬಿಗಿಯಾಗಿ ಅಮುಕಿ, ಘರ್ಷಣೆಯಿಂದಲೇ ತೊನೆತವನ್ನು ಅಡಗಿಸುತ್ತವೆ. ಅಂತಹ ಗುಂಡಿಗೆ ಗ್ರೀಸು ಹಚ್ಚುವುದು ಬ್ರೇಕಿಗೆ ಎಣ್ಣೆ ಸುರಿದಂತೆ. ಅಲ್ಲಿ ಗುಂಡು ಚೊಕ್ಕಟವಾಗಿ, ಒಣಗಿ, ಬಣ್ಣವೂ ಇಲ್ಲದಂತಿರಬೇಕು. ನಮ್ಮ ಹೆದ್ದಾರಿಗಳಲ್ಲಿ ಓಡುವ ಉದ್ದನೆಯ ಕಂಟೇನರ್ ಲಾರಿಗಳದು ಮತ್ತೊಂದು ಬಗೆ. ಹಿಂಬಂಡಿಯ ಮುಂಭಾಗದ ಭಾರವೆಲ್ಲ ಒಂದು ಅಗಲವಾದ ತಟ್ಟೆಯ ಮೇಲೆ ಕುಳಿತು, ತಿರುವುಗಳಲ್ಲಿ ಅದರ ಮೇಲೆ ಹೊರಳಬೇಕು. ಆ ತಟ್ಟೆ ಒಣಗಿದರೆ ಲಾರಿಯ ತಿರುಗುವಿಕೆಯೇ ಬಿಗಿಯುತ್ತದೆ. ಅದಕ್ಕೆ ಧಾರಾಳವಾಗಿ ಗ್ರೀಸು ಬೇಕು. ಪ್ಲಾಸ್ಟಿಕ್ಕಿನ ಹಾಸು ಹೊಂದಿಸಿದ ತಟ್ಟೆಯಾದರೆ ಆ ಹಾಸಿಗೆ ಬೇಡ.

ಧೂಳಿನ ಆಕ್ಷೇಪಣೆ ಮಾತ್ರ ಪೂರ್ತಿ ನಿಜ. ತೆರೆದ ಕೊಂಡಿಯ ಗ್ರೀಸಿಗೆ ಹೊಲದ ಮಣ್ಣು ಅಂಟಿದರೆ ಅದು ಸಾಣೆಯ ಲೇಪವಾಗುತ್ತದೆ. ಆದರೆ ಇದಕ್ಕೆ ಪರಿಹಾರ ಗ್ರೀಸನ್ನು ಬಿಡುವುದಲ್ಲ. ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಮೆತ್ತುವುದನ್ನು ಬಿಡುವುದು. ಗೂಟವನ್ನು ಹೊರತೆಗೆದು, ಚಿಂದಿಬಟ್ಟೆಯಿಂದ ಗೂಟವನ್ನೂ ಉಂಗುರದ ಒಳಮೈಯನ್ನೂ ಒರಸಿ, ತೆಳುವಾಗಿ ಹೊಸ ಗ್ರೀಸು ಸವರಬೇಕು. ಕಬ್ಬಿನ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಹೀಗೆ ಮಾಡುವುದು ಒಳ್ಳೆಯದು. ಐದು ನಿಮಿಷದ ಕೆಲಸ.

ಹೀಗೆ ಒರಸುವಾಗಲೇ ಗೂಟದ ಸೊಂಟ ಸಣ್ಣಗಾಗಿರುವುದು, ಉಂಗುರ ಒಂದು ಕಡೆ ತೆಳುವಾಗಿರುವುದು, ಬೆಸುಗೆಯ ಅಂಚಿನ ಬಿರುಕು ಕಣ್ಣಿಗೆ ಬೀಳುತ್ತವೆ. ಅಂತಹುದು ಕಂಡರೆ ಗ್ರೀಸಿನಿಂದ ಪ್ರಯೋಜನವಿಲ್ಲ. ಆ ಭಾಗವನ್ನು ಬದಲಾಯಿಸತಕ್ಕದ್ದು. ಕೊನೆಗೆ ತಂತಿಕೀಲನ್ನು ಸಿಕ್ಕಿಸಿ, ಕೊಂಡಿ ಕಳಚಿದರೂ ಟ್ರೇಲರು ಬಿಟ್ಟುಹೋಗದಂತೆ ಒಂದು ಗಟ್ಟಿ ಸರಪಳಿಯನ್ನು ಬಿಗಿದು ಹೊರಡಬೇಕು. ಗಾಡಿಯವನೂ ಅಚ್ಚಿಗೆ ಎಣ್ಣೆ ಬಳಿದ ಮೇಲೆ ಕಡಾಣಿ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ತಟ್ಟಿ ನೋಡಿಯೇ ಎತ್ತುಗಳನ್ನು ಹೊಡೆಯುತ್ತಿದ್ದನು.