ಒಂದು ಸಾಲಿನ ಷರಾ ಮತ್ತು ಹವಾಲ್ದಾರರ ರೋಗ

ಸೈನ್ಯದಿಂದ ನಿವೃತ್ತನಾಗುವವನ ಕಾಗದಪತ್ರಗಳಲ್ಲಿ ಬಿಡುಗಡೆ ವೈದ್ಯಕೀಯ ಮಂಡಳಿಯ ವರದಿಯೂ ಒಂದು. ಹಲವು ಪುಟಗಳ ಈ ನಮೂನೆಯಲ್ಲಿ ಎರಡು ಪ್ರಶ್ನೆಗಳಿಗೆ ಮಂಡಳಿ ಕೊಡುವ ಉತ್ತರದ ಮೇಲೆ ಅವನ ಅಂಗವೈಕಲ್ಯ ಪಿಂಚಣಿ ನಿಂತಿರುತ್ತದೆ. ರೋಗವು ಸೇವೆಯಿಂದ ಉಂಟಾದುದೇ? ಅಲ್ಲದಿದ್ದರೆ, ಸೇವೆಯಿಂದ ಉಲ್ಬಣಗೊಂಡುದೇ? ಎರಡಕ್ಕೂ 'ಇಲ್ಲ' ಎಂದು ಬರೆದು, ಪಕ್ಕದಲ್ಲಿ 'ಶರೀರಪ್ರಕೃತಿಯಿಂದ ಬಂದ ರೋಗ, ಸೇವೆಗೆ ಸಂಬಂಧವಿಲ್ಲ' ಎಂಬ ಒಂದು ಸಾಲಿನ ಷರಾ ಹಾಕಿದರೆ ಮುಗಿಯಿತು. ಮುಂದಿನ ಪತ್ರವ್ಯವಹಾರವೆಲ್ಲ ಆ ಸಾಲಿನ ಸುತ್ತಲೇ ಗಿರಕಿ ಹೊಡೆಯುತ್ತದೆ.

ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ವಾಸವಾಗಿರುವ ನಿವೃತ್ತ ಹವಾಲ್ದಾರರೊಬ್ಬರ ಇಂಥ ಪ್ರಕರಣದ ಕಾಗದಗಳನ್ನು ಕಳೆದ ಕೆಲವು ತಿಂಗಳಿಂದ ಜೋಡಿಸಿಕೊಡುತ್ತಿದ್ದೇನೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ಮುಂದೆ ಅವರ ಅರ್ಜಿ ವಿಚಾರಣೆಗೆ ಬರಲಿದೆ. 2007ರ ಕಾಯ್ದೆಯನ್ವಯ ಸ್ಥಾಪನೆಯಾಗಿ 2009ರಿಂದ ಕೆಲಸ ಮಾಡುತ್ತಿರುವ ಈ ನ್ಯಾಯಮಂಡಳಿಯಲ್ಲಿ ಕರ್ನಾಟಕ ಕೊಚ್ಚಿಯ ವ್ಯಾಪ್ತಿಗೆ ಸೇರಿದೆ. ವಾದಿಸುವುದಕ್ಕೆ ವಕೀಲರಿದ್ದಾರೆ. ನನ್ನದು ಗುಮಾಸ್ತನ ಕೆಲಸ. ಮೂರು ದಶಕ ಸರ್ಕಾರಿ ಕಡತಗಳನ್ನು ಓದಿದವನಿಗೆ ಕಡತ ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದಾದರೂ ತಿಳಿದಿರಬೇಕಲ್ಲ.

ಹವಾಲ್ದಾರರು 1984ರಲ್ಲಿ ಸೇನೆಗೆ ಸೇರಿದರು. ಆಗಿನ ವೈದ್ಯಕೀಯ ತಪಾಸಣೆಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. 2006ರಲ್ಲಿ ನಿವೃತ್ತರಾಗುವಾಗ ಅಧಿಕ ರಕ್ತದೊತ್ತಡವಿದ್ದು, ಮಂಡಳಿ ಅದನ್ನು ಶೇ 30ರಷ್ಟು ವೈಕಲ್ಯವೆಂದು ಅಳೆಯಿತು. ಆದರೆ ಸೇವೆಗೆ ಸಂಬಂಧವಿಲ್ಲ ಎಂಬ ಷರಾ ಬಿತ್ತು. ಮರುವರ್ಷ ಪಿಂಚಣಿ ಕೋರಿಕೆ ತಿರಸ್ಕೃತವಾಯಿತು, 2008ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು. ಎರಡೂ ಪತ್ರಗಳ ಒಕ್ಕಣೆ ಒಂದೇ. 'ಪರಿಶೀಲಿಸಲಾಗಿ, ಅವಕಾಶವಿರುವುದಿಲ್ಲ' ಎಂದು ನಾವು ಬರೆಯುತ್ತಿದ್ದ ಹಿಂಬರಹದ ಇಂಗ್ಲಿಷ್ ಅವತಾರ. ಅವರು ಸುಮ್ಮನಾದರು. ಒಂದು ಬ್ಯಾಂಕಿನಲ್ಲಿ ಕಾವಲು ಕೆಲಸಕ್ಕೆ ಸೇರಿ ಮಕ್ಕಳನ್ನು ಓದಿಸಿದರು. 2025ರ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದರ ಸುದ್ದಿ ಓದಿದ ಮೇಲೆ ಹಳೆಯ ಟ್ರಂಕನ್ನು ತೆರೆದರು.

ನಿಯಮಗಳು ನಿಜಕ್ಕೂ ಏನು ಹೇಳುತ್ತವೆ? ಹವಾಲ್ದಾರರಿಗೆ ಅನ್ವಯಿಸುವುದು 1982ರ ಅರ್ಹತಾ ನಿಯಮಗಳು. ಸೇವೆಗೆ ಸೇರುವಾಗ ದಾಖಲಾದ ದೋಷಗಳ ಹೊರತು ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು ಎನ್ನುತ್ತದೆ 5ನೆಯ ನಿಯಮ. ಅರ್ಹತೆಯನ್ನು ರುಜುವಾತುಪಡಿಸುವಂತೆ ಅವನನ್ನು ಕೇಳತಕ್ಕದ್ದಲ್ಲ, ಸಂಶಯದ ಲಾಭ ಅವನಿಗೇ ಸಲ್ಲಬೇಕು ಎನ್ನುತ್ತದೆ 9ನೆಯದು. ಸೇರುವಾಗ ದಾಖಲಾಗದ ರೋಗ ಸೇವಾವಧಿಯಲ್ಲಿ ಉಂಟಾದುದೆಂದೇ ಸಾಮಾನ್ಯವಾಗಿ ಪರಿಗಣಿಸಬೇಕು. ತಪಾಸಣೆಯಲ್ಲಿ ಅದನ್ನು ಪತ್ತೆಹಚ್ಚಲು ಸಾಧ್ಯವಿರಲಿಲ್ಲವೆಂದು ವೈದ್ಯರು ಹೇಳುವುದಾದರೆ ಕಾರಣ ಕೊಡಬೇಕು. ಇದು 14ನೆಯ ನಿಯಮದ ಮಾತು. 1985ರಲ್ಲಿ ಸೇರಿ 1994ರಲ್ಲಿ ಮೂರ್ಛೆರೋಗದ ಕಾರಣ ಹೊರಬಿದ್ದ ಸಿಗ್ನಲ್ಸ್ ದಳದ ಸೈನಿಕ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಇವನ್ನೆಲ್ಲ ಬಿಡಿಸಿ ವಿವರಿಸಿತು. 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮತ್ತೆರಡು ತೀರ್ಪುಗಳು ಬಂದವು. ಕಾರಣವಿಲ್ಲದ ವೈದ್ಯಕೀಯ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸಲಾಗದು ಎಂಬುದೇ ಅವುಗಳ ತಿರುಳು.

ಹೀಗಿದ್ದೂ ವಿಚಾರಣೆಗೆ ಸಿದ್ಧರಾಗುವುದೆಂದರೆ ರುಜುವಾತಿನ ಹೊಣೆಯೆಲ್ಲ ತಮ್ಮದೇ ಎಂಬಂತೆ ಸಿದ್ಧರಾಗುವುದು. ನಾನು ಓದಿದ ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮತೆ ಎಂಬ ಪಾಠವೊಂದಿದೆ. ವ್ಯವಹಾರದಲ್ಲಿ ಒಬ್ಬನ ಬಳಿ ಎಲ್ಲ ಮಾಹಿತಿಯೂ ಇದ್ದು ಇನ್ನೊಬ್ಬನ ಬಳಿ ಏನೂ ಇಲ್ಲದಿದ್ದರೆ, ಇಲ್ಲದವನು ಸೋಲುತ್ತಾನೆ. ಸೈನಿಕ ಎಲ್ಲಿದ್ದ, ಯಾವ ಆಸ್ಪತ್ರೆಗೆ ಸೇರಿದ್ದ, ಯಾವಾಗ ಅವನ ವೈದ್ಯಕೀಯ ದರ್ಜೆ ಇಳಿಯಿತು ಎಂಬ ದಾಖಲೆಗಳೆಲ್ಲ ಸರ್ಕಾರದ ಕಪಾಟಿನಲ್ಲಿವೆ. ಅವನ್ನು ತೆಗೆದು ನೋಡಲು ಸರ್ಕಾರಕ್ಕೆ ತಗಲುವ ಖರ್ಚು ಅತ್ಯಲ್ಪ, ನಿವೃತ್ತ ಹವಾಲ್ದಾರನಿಗೆ ಅದು ತಿಂಗಳುಗಟ್ಟಲೆಯ ಅಲೆದಾಟ. 1982ರ ನಿಯಮಗಳನ್ನು ಬರೆದವರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ಅರ್ಜಿಗಳನ್ನು ತಿರಸ್ಕರಿಸುವವರಿಗೆ ಅದು ಮರೆತುಹೋಗಿದೆ.

ಟ್ರಂಕಿನಲ್ಲಿದ್ದುದನ್ನು ತಾರೀಖಿನ ಪ್ರಕಾರ ಜೋಡಿಸಿದಾಗ ಎರಡು ಸಂಗತಿಗಳು ಎದ್ದು ಕಂಡವು. ಮೊದಲನೆಯದು ಮಂಡಳಿಯ ವರದಿಯಲ್ಲೇ ಇತ್ತು. 'ಸೇವೆಗೆ ಸೇರುವ ಮುನ್ನ ಈ ರೋಗವಿತ್ತೇ?' ಎಂಬ ಅಂಕಣದಲ್ಲಿ 'ಇಲ್ಲ' ಎಂದಿದೆ. 'ಸ್ವಂತ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಬಂದುದೇ?' ಎಂಬುದಕ್ಕೂ 'ಇಲ್ಲ'. ಮೊದಲು ಇರಲಿಲ್ಲ, ತಾನಾಗಿ ತಂದುಕೊಂಡದ್ದಲ್ಲ, ಇಪ್ಪತ್ತೆರಡು ವರ್ಷದ ಸೇವೆಯಿಂದಲೂ ಬಂದದ್ದಲ್ಲ. ಹಾಗಾದರೆ ಎಲ್ಲಿಂದ ಬಂತೆಂದು ಆ ಒಂದು ಸಾಲಿನ ಷರಾ ಹೇಳುವುದಿಲ್ಲ.

ಎರಡನೆಯ ಸಂಗತಿ ಹೆಚ್ಚು ಮುಖ್ಯವಾದುದು. ರಕ್ತದೊತ್ತಡ ಮೊದಲು ಪತ್ತೆಯಾದದ್ದು 2003ರ ಜನವರಿಯಲ್ಲಿ, ಶಾಂತಿ ಠಾಣ್ಯವೊಂದರಲ್ಲಿ. ತಿರಸ್ಕಾರ ಪತ್ರ ಇದನ್ನೇ ಹಿಡಿದು 'ಶಾಂತಿ ಪ್ರದೇಶದಲ್ಲಿ ಆರಂಭವಾದ ರೋಗ' ಎಂದಿತ್ತು. ಸೇನಾ ವೈದ್ಯರಿಗಾಗಿ ಇರುವ ಮಾರ್ಗದರ್ಶಿಯ ಪ್ರಕಾರ, ಕದನ ಕ್ಷೇತ್ರ, ಅತಿ ಎತ್ತರದ ಪ್ರದೇಶ, ದಂಗೆ ನಿಗ್ರಹ ಕಾರ್ಯಾಚರಣೆ ಅಥವಾ ದೀರ್ಘಕಾಲದ ನೌಕಾಯಾನದ ವೇಳೆ ಕಾಣಿಸಿಕೊಂಡ ರಕ್ತದೊತ್ತಡ ಸೇವೆಯಿಂದ ಉಲ್ಬಣಿಸಿದುದೆಂದು ಒಪ್ಪಲಾಗುತ್ತದೆ. ಹಾಗಾಗಿ ಎಡಗಡೆ ನಿಯೋಜನೆಯ ಸ್ಥಳ, ಬಲಗಡೆ ಆಸ್ಪತ್ರೆಯ ಚೀಟಿ ಬರುವಂತೆ ಒಂದೇ ಪುಟದ ಪಟ್ಟಿ ಮಾಡಿದೆವು. 1999ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಶ್ಮೀರ. ನಂತರ, ಸಂಸತ್ತಿನ ಮೇಲೆ ದಾಳಿಯಾದ 2001ರ ಡಿಸೆಂಬರಿನಿಂದ 2002ರ ಅಕ್ಟೋಬರಿನವರೆಗೆ ಆಪರೇಷನ್ ಪರಾಕ್ರಮದಲ್ಲಿ ರಾಜಸ್ಥಾನದ ಗಡಿ. ಅಲ್ಲಿಂದ ಮರಳಿದ ಮೂರನೆಯ ತಿಂಗಳಲ್ಲಿ ರೋಗ ಪತ್ತೆ. ಗಡಿಯ ಬಂಕರಿನಲ್ಲಿ ರಕ್ತದೊತ್ತಡ ಅಳೆಯುವವರು ಯಾರು? ಅಳೆಯುವ ಯಂತ್ರವಿದ್ದ ಊರನ್ನೇ ರೋಗದ ಹುಟ್ಟೂರೆಂದು ದಾಖಲಿಸಲಾಗಿದೆ.

ಹವಾಲ್ದಾರರಿಗೆ ನ್ಯಾಯಪೀಠದ ಮುಂದೆ ಪದಕಗಳ ಬಗ್ಗೆ ಹೇಳಬೇಕೆಂಬ ಆಸೆ. 'ಸಾರ್, ನಾನೇನು ಸುಳ್ಳು ಹೇಳಿ ದುಡ್ಡು ಕೇಳ್ತಿದೀನಾ?' ಎಂದು ಒಂದು ಸಂಜೆ ಧ್ವನಿ ಏರಿಸಿದರು. ನೋವು ಅರ್ಥವಾಗುವಂಥದ್ದೇ. ಆದರೂ ಪದಕಗಳು ಬೇಡವೆಂದೆ, ಇತ್ತೀಚಿನ ಖಾಸಗಿ ಆಸ್ಪತ್ರೆಯ ವರದಿಗಳ ದಪ್ಪ ಕಟ್ಟನ್ನೂ ಬದಿಗಿಡಿಸಿದೆ. ವಿವಾದವಿರುವುದು ಇಂದಿನ ಅವರ ಆರೋಗ್ಯದ ಬಗೆಗಲ್ಲ, 2006ರ ಮಂಡಳಿಯ ಅಭಿಪ್ರಾಯದ ಬಗೆಗೆ. ಪೀಠದಲ್ಲಿ ನ್ಯಾಯಾಂಗದ ಸದಸ್ಯರೊಂದಿಗೆ ಸೇನೆಯ ನಿವೃತ್ತ ಹಿರಿಯ ಅಧಿಕಾರಿಯೊಬ್ಬರೂ ಇರುತ್ತಾರೆ. ಗಡಿಯ ಬದುಕನ್ನು ಅವರಿಗೆ ವರ್ಣಿಸಬೇಕಾದ ಅಗತ್ಯವಿಲ್ಲ. ಸ್ಥಳ ಮತ್ತು ತಾರೀಖುಗಳಷ್ಟೇ ಸಾಕು.

ಸರ್ಕಾರದ ವಾದವನ್ನು ತಳ್ಳಿಹಾಕಲಾಗದು. ರಕ್ತದೊತ್ತಡ ಯಾರಿಗೆ ಬರುವುದಿಲ್ಲ? ಗಡಿಯನ್ನೇ ಕಾಣದ ನನಗೂ ಇದೆ, ಸೇವಾವಧಿಯ ನನ್ನ ಗಳಿಕೆಗಳಲ್ಲಿ ಅದೂ ಒಂದು. ಜೀವನಶೈಲಿಯ ರೋಗಗಳಿಗೆಲ್ಲ ತೆರಿಗೆದಾರ ಪರಿಹಾರ ಕೊಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ಪ್ರೇಕ್ಷೆಯ ಕೋರಿಕೆಗಳೂ ಇಲ್ಲವೆಂದಲ್ಲ. ಆದರೆ ನಾನು ರಜೆ ಹಾಕಿ ಮನೆಗೆ ಹೋಗಬಹುದಾಗಿತ್ತು, ನಿದ್ದೆ ಮಾಡಬಹುದಾಗಿತ್ತು, ವರ್ಗಾವಣೆಗೆ ತಕರಾರು ಹೇಳಬಹುದಾಗಿತ್ತು. ಹೇಳಿದ್ದೂ ಉಂಟು. ನನ್ನ ಸೇವೆ ನಲವತ್ತರ ಆಸುಪಾಸಿನಲ್ಲಿ ಮುಗಿಯಲೂ ಇಲ್ಲ. ಸುಳ್ಳು ಕೋರಿಕೆಯನ್ನು ತಡೆಯಬೇಕಾದರೆ ಪ್ರತಿಯೊಂದನ್ನೂ ಓದಿ, ಕಾರಣ ಬರೆದು ತಿರಸ್ಕರಿಸಬೇಕು. ಒಂದೇ ಅಚ್ಚಿನ ಷರಾ ಸುಳ್ಳನ್ನೂ ನಿಜವನ್ನೂ ಒಟ್ಟಿಗೇ ಕೊಚ್ಚಿಹಾಕುತ್ತದೆ, ಆಮೇಲೆ ಎಲ್ಲವೂ ನ್ಯಾಯಾಲಯಕ್ಕೆ ಬರುತ್ತವೆ. ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ, ಸೈನಿಕರ ಪಿಂಚಣಿಯ ವಿರುದ್ಧ ಸರ್ಕಾರವೇ ಹೂಡುವ ಅನಗತ್ಯ ಮೇಲ್ಮನವಿಗಳ ಬಗ್ಗೆ ಎಚ್ಚರಿಸಿತ್ತು. 2023ರ ಸೆಪ್ಟೆಂಬರ್ 21ರಿಂದ ಹೊರಬರುವವರಿಗೆ ಹೊಸ ನಿಯಮಗಳು ಅನ್ವಯಿಸುತ್ತವೆ, ಅವು ಮೊದಲಿನವಕ್ಕಿಂತ ಬಿಗಿ. ನಡುವಿನ 2008ರ ನಿಯಮಗಳಲ್ಲೂ ಒಂದು ಮುಳ್ಳಿದೆ. ಬಿಡುಗಡೆಯಾಗಿ 15 ವರ್ಷ ಕಳೆದು, ದಾಖಲೆಗಳು ನಾಶವಾದ ನಂತರ ಕೋರಿಕೆ ಸಲ್ಲಿಸಿದರೆ ರುಜುವಾತಿನ ಹೊಣೆ ಸೈನಿಕನ ಮೇಲೆ ಬೀಳುತ್ತದೆ. ಮನೆಯಲ್ಲಿ ಇಂಥ ಟ್ರಂಕು ಇರುವವರು ಅದನ್ನು ರದ್ದಿಗೆ ಹಾಕಬಾರದು.

ಇಷ್ಟೆಲ್ಲ ಎಷ್ಟು ಹಣಕ್ಕಾಗಿ? ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಸಿಗುತ್ತದೆ, ವೈಕಲ್ಯ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಶೇ 30ರ ವೈಕಲ್ಯಕ್ಕೆ ಇದು ವೇತನದ ಶೇ 9 ಆಗುತ್ತದೆ. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ಬಂದ ತೀರ್ಪಿನಂತೆ, ಅವಧಿ ಪೂರೈಸಿ ನಿವೃತ್ತರಾದವರಿಗೂ ಶೇ 50ಕ್ಕಿಂತ ಕೆಳಗಿನ ವೈಕಲ್ಯವನ್ನು 50 ಎಂದೇ ಎಣಿಸಬೇಕು. ಆಗ ಶೇ 15. ಹವಾಲ್ದಾರರ ಮನೆಯಲ್ಲಿ ಅದು ಗಂಡಹೆಂಡಿರಿಬ್ಬರ ತಿಂಗಳ ಔಷಧಿಯ ಖರ್ಚನ್ನು ತೂಗಿಸುತ್ತದೆ.

ಪಟ್ಟಿ, ಮಂಡಳಿಯ ವರದಿ, ತಿರಸ್ಕಾರ ಪತ್ರಗಳ ಮೂರು ಪ್ರತಿಗಳು ಈಗ ಸಿದ್ಧವಾಗಿವೆ. ಇಷ್ಟು ತಡವಾಗಿ ಬಂದವರ ಬಾಕಿಯ ಬಗ್ಗೆಯೂ ತೀರ್ಪೊಂದಿದೆ, 2008ರದು. ಪಿಂಚಣಿಯ ನಿರಾಕರಣೆ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ವಿಳಂಬಕ್ಕಾಗಿ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ, ಆದರೆ ಬಾಕಿ ಸಿಗುವುದು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ. ಗೆದ್ದರೆ ಹವಾಲ್ದಾರರಿಗೆ 2022ರಿಂದ ಹಣ ಬರುತ್ತದೆ. ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅದಕ್ಕೂ ಹಿಂದಿನ ಹದಿನಾರು ವರ್ಷಗಳ ಲೆಕ್ಕವನ್ನು ನಾನು ಮಾಡಲಿಲ್ಲ, ಅವರೂ ಕೇಳಲಿಲ್ಲ.